ಜೆನೆಟಿಕ್ ಕೋಡ್ ಚಾರ್ಟ್: ಒಂದು ಮನೆ ತಿದ್ದಿಕೊಂಡರೆ ಕೊಳ್ಳಬಹುದು

ದ್ವಿತೀಯ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುವ ನಾನು, ತುಮಕೂರಿನ ಎಂ.ಜಿ. ರಸ್ತೆಯ ಅಂಗಡಿಯೊಂದರಲ್ಲಿ ಕಳೆದ ತಿಂಗಳು 220 ರೂಪಾಯಿ ಕೊಟ್ಟು ಆನುವಂಶಿಕ ಸಂಕೇತದ, ಅಂದರೆ ಜೆನೆಟಿಕ್ ಕೋಡ್‌ನ, ವೃತ್ತಾಕಾರದ ಚಾರ್ಟ್ ಒಂದನ್ನು ಕೊಂಡೆ. ಲ್ಯಾಮಿನೇಷನ್ ಗಟ್ಟಿಯಾಗಿದೆ, ಅಕ್ಷರಗಳು ಕೊನೆಯ ಬೆಂಚಿಗೂ ಕಾಣುತ್ತವೆ.

ಪಠ್ಯಪುಸ್ತಕದ ಚೌಕಾಕಾರದ ಕೋಷ್ಟಕಕ್ಕಿಂತ ಇದನ್ನು ಓದುವುದು ಸುಲಭ. ನಡುವಿನಲ್ಲಿ, ಜೀನ್‌ನ ಸಂದೇಶ ಒಯ್ಯುವ ಆರ್‌ಎನ್‌ಎಯ ಯು, ಸಿ, ಎ, ಜಿ ಎಂಬ ನಾಲ್ಕು ಅಕ್ಷರಗಳಿದ್ದು, ಎರಡನೆಯ ಸುತ್ತಿನಲ್ಲಿ 16, ಮೂರನೆಯದರಲ್ಲಿ 64 ಮನೆಗಳಾಗುತ್ತವೆ. ಒಳಗಿನಿಂದ ಹೊರಕ್ಕೆ ಮೂರು ಅಕ್ಷರ ಓದಿಕೊಂಡು ಹೋದರೆ ಅಂಚಿನಲ್ಲಿ, ಆ ಮೂರಕ್ಷರದ ಗುಂಪು (ಕೋಡಾನ್) ಸೂಚಿಸುವ, ಪ್ರೋಟೀನ್ ಸರಪಳಿಯ ಕೊಂಡಿಯಾದ ಅಮೈನೋ ಆಮ್ಲದ ಹೆಸರು ಸಿಗುತ್ತದೆ. ಜಿಜಿಯು, ಜಿಜಿಸಿ, ಜಿಜಿಎ, ಜಿಜಿಜಿ ನಾಲ್ಕೂ ಗ್ಲೈಸೀನ್ ಆಗಿರುವುದರಿಂದ ಒಂದೇ ಬಣ್ಣದಲ್ಲಿವೆ. ಮೂರನೆಯ ಅಕ್ಷರ ಬದಲಾದರೂ ಎಷ್ಟೋ ಸಲ ಅಮೈನೋ ಆಮ್ಲ ಬದಲಾಗದು ಎಂಬುದನ್ನು ನಾನು ಬಾಯಲ್ಲಿ ಹೇಳಬೇಕಾಗಲಿಲ್ಲ. ಆರು ಕೋಡಾನ್‌ಗಳಿರುವ ಸೆರೀನ್ ಎರಡು ಕಡೆ ಚದುರಿದ್ದರೂ ಬಣ್ಣದಿಂದ ಗುರುತು ಸಿಗುತ್ತದೆ.

ಮೂಲೆಯಲ್ಲಿ ಇತಿಹಾಸದ ಪಟ್ಟಿಯೊಂದಿದೆ. ಬರೀ ಯು ಅಕ್ಷರದ ಆರ್‌ಎನ್‌ಎ ಫೀನೈಲ್‌ಅಲನೀನ್ ಸರಪಳಿಯನ್ನು ಕಟ್ಟುತ್ತದೆಂದು 1961ರಲ್ಲಿ ನಿರೆನ್‌ಬರ್ಗ್ ಮತ್ತು ಮತ್ತೈ ತೋರಿಸಿದ್ದನ್ನು ಅದು ಸರಿಯಾಗಿ ಹೇಳುತ್ತದೆ. ಆದರೆ ನಿರೆನ್‌ಬರ್ಗ್ ಮತ್ತು ರಾಬರ್ಟ್ ಹಾಲಿಯವರೊಂದಿಗೆ 1968ರ ನೊಬೆಲ್ ಹಂಚಿಕೊಂಡ ಹರಗೋಬಿಂದ್ ಖೊರಾನಾ ಅವರ ಹೆಸರಷ್ಟೇ ಇದೆ, ಅವರ ಕೆಲಸ ಇಲ್ಲ. ಚಕ್ರದಲ್ಲಿ ಮಕ್ಕಳೇ ಪರೀಕ್ಷಿಸಿ ನೋಡಬಹುದಾದ ಪ್ರಯೋಗ ಅವರದೇ ಆಗಿತ್ತು: ಯುಸಿಯುಸಿ ಎಂದು ಮರುಕಳಿಸುವ ಆರ್‌ಎನ್‌ಎಯನ್ನು ಮೂರು ಮೂರಾಗಿ ಓದಿದರೆ ಯುಸಿಯು, ಸಿಯುಸಿ ಸರದಿಯಾಗಿ ಬರುತ್ತವೆ, ಸರಪಳಿಯಲ್ಲಿಯೂ ಸೆರೀನ್, ಲ್ಯೂಸೀನ್ ಸರದಿಯಾಗಿಯೇ ಸೇರುತ್ತವೆ.

ದೊಡ್ಡ ದೋಷ ಒಂದಿದೆ. ಸರಪಳಿ ಅಲ್ಲಿಗೆ ಮುಗಿಯಿತೆಂದು ಹೇಳುವ ‘ನಿಲುಗಡೆ’ ಇರಬೇಕಾದ ಯುಜಿಎ ಮನೆಯಲ್ಲಿ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲದ ಹೆಸರು ಅಚ್ಚಾಗಿದೆ. ಕೆಳಗಡೆ ಮಾತ್ರ ನಿಲುಗಡೆ ಕೋಡಾನ್‌ಗಳು ಮೂರು ಎಂದಿದೆ. ಒಬ್ಬ ವಿದ್ಯಾರ್ಥಿನಿ ಎಣಿಸಿ, ಅಮೈನೋ ಆಮ್ಲದ ಮನೆಗಳು 61 ಇರಬೇಕಾದಲ್ಲಿ 62 ಇವೆ ಎಂದಾಗಲೇ ನನಗೂ ಅದು ಕಣ್ಣಿಗೆ ಬಿದ್ದದ್ದು. (ಜೀವಕೋಶಕ್ಕೆ ಶಕ್ತಿ ಒದಗಿಸುವ ನಮ್ಮ ಮೈಟೊಕಾಂಡ್ರಿಯಗಳಲ್ಲಿ ಯುಜಿಎ ನಿಜವಾಗಿಯೂ ಟ್ರಿಪ್ಟೊಫಾನ್ ಅನ್ನೇ ಸೂಚಿಸುತ್ತದೆ, ಆದರೆ ಚಾರ್ಟ್ ಮಾಡಿದವರು ಅಷ್ಟು ದೂರ ಯೋಚಿಸಿದಂತೆ ತೋರುವುದಿಲ್ಲ.) ಅಂಗಡಿಯವರು ಬದಲಿಸಿಕೊಡಲು ಒಪ್ಪಿದರು, ಆದರೆ ಅಲ್ಲಿದ್ದ ಎಲ್ಲ ಪ್ರತಿಗಳಲ್ಲೂ ಅದೇ ತಪ್ಪಿದ್ದುದರಿಂದ, ಆ ಮನೆಯ ಮೇಲೆ ಬಿಳಿ ಚೀಟಿ ಅಂಟಿಸಿ ‘ನಿಲುಗಡೆ’ ಎಂದು ಕೈಯಲ್ಲೇ ಬರೆದಿದ್ದೇನೆ.