ಊರಾಚೆಯ ಹೋಟೆಲ್ ಬುಕ್ ಮಾಡೋ ಮುಂಚೆ ಬಾತ್‌ರೂಮಿಗೆ ಕಿಟಕಿ ಇದೆಯಾ ಅಂತ ಕೇಳಿ

ಇದನ್ನ ಬರೆಯೋದೋ ಬೇಡವೋ ಅಂತ ಮೂರು ವಾರ ಯೋಚನೆ ಮಾಡಿದೆ. ಹೋಟೆಲ್ ಹೆಸರು ಹಾಕುವುದಿಲ್ಲ, ದಯವಿಟ್ಟು ಕೇಳಬೇಡಿ. ಹೆಸರು ಹೇಳಿದರೆ ಅದೊಂದನ್ನು ಬಿಟ್ಟು ಅಂಥದ್ದೇ ಇನ್ನೊಂದಕ್ಕೆ ಹೋಗ್ತೀರಿ, ಅಷ್ಟೇ. ನಾನು ಹೇಳಬೇಕಾಗಿರೋದು ಬೇರೆ.

ನಾವು ನಾಲ್ಕು ಜನ. ನಾನು, ನಮ್ಮ ಮನೆಯವರು, ಅತ್ತೆ, ಒಂಬತ್ತು ವರ್ಷದ ಮಗಳು. ಗದ್ದಲದಿಂದ ದೂರ ಎಲ್ಲಾದರೂ ಎರಡು ರಾತ್ರಿ ಇದ್ದು ಬರೋಣ ಅಂತ ಆಸೆ. ಫೋಟೋಗಳಲ್ಲಿ ಜಾಗ ಚೆನ್ನಾಗಿತ್ತು. ದೊಡ್ಡ ರೂಮು, ಹಸಿರು ಹುಲ್ಲು, ನೀಲಿ ಈಜುಕೊಳ. ಆಮೇಲೆ ಗೊತ್ತಾಯ್ತು, ಆ ರೂಮಿನ ಫೋಟೋನ ವೈಡ್ ಆಂಗಲ್ ಲೆನ್ಸಿನಲ್ಲಿ ತೆಗೆದಿದ್ದರು ಅಂತ. ಈಗ ಆ ಫೋಟೋ ನೋಡಿದರೆ ನಗು ಬರುತ್ತೆ, ಮೂಲೆಯಲ್ಲಿರೋ ಕುರ್ಚಿ ಎಳೆದ ರಬ್ಬರಿನ ಹಾಗೆ ಅಗಲ ಆಗಿದೆ, ಮಂಚದ ಈ ತುದಿ ಆ ತುದಿಗಿಂತ ಎರಡು ಪಟ್ಟು ಕಾಣುತ್ತೆ. ಫೋಟೋದ ಅಂಚಿನಲ್ಲಿರೋ ವಸ್ತುಗಳು ಹೀಗೆ ಎಳೆದುಕೊಂಡಿದ್ದರೆ ರೂಮು ಕಾಣೋದಕ್ಕಿಂತ ಚಿಕ್ಕದು ಅಂತಲೇ ಲೆಕ್ಕ. ಈಜುಕೊಳದ ವಿಷಯ ಬಿಡಿ. ನೀರಿತ್ತು. ಬಣ್ಣ ಮಾತ್ರ ಹುಲ್ಲಿನದ್ದು.

ಅತ್ತೆಗೆ ಮಂಡಿ ನೋವು. ಅದಕ್ಕೆ ಬುಕ್ ಮಾಡುವಾಗಲೇ 'ಕೆಳಗಿನ ಮಹಡಿಯ ರೂಮೇ ಬೇಕು, ವಯಸ್ಸಾದವರಿದ್ದಾರೆ' ಅಂತ ವಿಶೇಷ ಕೋರಿಕೆ ಅನ್ನೋ ಜಾಗದಲ್ಲಿ ಬರೆದಿದ್ದೆ. ಬುಕಿಂಗ್ ಕನ್ಫರ್ಮ್ ಅಂತ ಮೆಸೇಜ್ ಬಂತು, ಕೆಲಸ ಆಯ್ತು ಅಂದುಕೊಂಡೆ. ಆಗಿರಲಿಲ್ಲ. ಕನ್ಫರ್ಮ್ ಆಗೋದು ರೂಮು, ಕೋರಿಕೆ ಅಲ್ಲ. ಅದರ ಕೆಳಗೇ ಸಣ್ಣ ಅಕ್ಷರದಲ್ಲಿ 'ಲಭ್ಯತೆಗೆ ಒಳಪಟ್ಟಿದೆ' ಅಂತ ಇತ್ತು. ಯಾರು ಓದ್ತಾರೆ ಅದನ್ನ? ನಾನಂತೂ ಓದಿರಲಿಲ್ಲ.

ಸಂಜೆ ಏಳೂವರೆಗೆ ತಲುಪಿದೆವು. ಕೊನೆಯ ಅರ್ಧ ಗಂಟೆ ಮಣ್ಣಿನ ದಾರಿ, ಫೋನಿಗೆ ನೆಟ್‌ವರ್ಕ್ ಇಲ್ಲ. ರಿಸೆಪ್ಷನ್‌ನಲ್ಲಿ ಲೈಟ್ ಉರೀತಿತ್ತು, ಜನ ಇರಲಿಲ್ಲ. ಗಂಟೆ ಬಾರಿಸಿ ಬಾರಿಸಿ ಕೊನೆಗೆ ಅಡುಗೆಮನೆ ಕಡೆಯಿಂದ ಒಬ್ಬ ಹುಡುಗ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದ. ಇಡೀ ಹೋಟೆಲಿಗೆ ಅವನೊಬ್ಬನೇ. ಅಡುಗೆ ಅವನದೇ, ರೂಮು ಗುಡಿಸೋದು ಅವನೇ, ರಿಜಿಸ್ಟರ್ ಬರೆಸೋದೂ ಅವನೇ.

'ಸರ್, ನಿಮ್ಮ ಬುಕಿಂಗ್ ಇದರಲ್ಲಿ ಕಾಣ್ತಾ ಇಲ್ಲ.'

ಮ್ಯಾನೇಜರ್ ಎಲ್ಲಿ ಅಂದರೆ ಫೋನಿನಲ್ಲಿ. ಆ ಮ್ಯಾನೇಜರನ್ನ ನಾವು ಕೊನೆವರೆಗೂ ಕಣ್ಣಾರೆ ನೋಡಲಿಲ್ಲ, ದನಿ ಮಾತ್ರ ಕೇಳಿದೆವು. ನಲವತ್ತು ನಿಮಿಷ ನಿಂತ ಮೇಲೆ ಬುಕಿಂಗ್ ಸಿಕ್ಕಿತು, ರೂಮು ಎರಡನೇ ಮಹಡಿಯಲ್ಲಿ ಸಿಕ್ಕಿತು. ಲಿಫ್ಟ್ ಇಲ್ಲ. ಕೆಳಗಿನ ರೂಮು ಎಲ್ಲಾ ಫುಲ್ ಅಂತೆ. ಫುಲ್ ಆಗಿದ್ದಿದ್ದು ನಿಜವೇ. ಬೆಳಿಗ್ಗೆ ಕಿಟಕಿಯಲ್ಲಿ ಇಣುಕಿ ನೋಡಿದೆ, ಎರಡು ರೂಮುಗಳಲ್ಲಿ ಸೂರಿನವರೆಗೆ ಹಳೆ ಹಾಸಿಗೆ ಒಟ್ಟಿದ್ದರು.

ಆ ಹುಡುಗನ ಮೇಲೆ ರೇಗೋಕೂ ಮನಸ್ಸು ಬರಲಿಲ್ಲ. ಅತ್ತೆ ಮೆಟ್ಟಿಲಿಗೊಮ್ಮೆ ನಿಂತು ಉಸಿರು ತಗೊಂಡು 'ಹೋಗ್ಲಿ ಬಿಡಪ್ಪ, ನೀನೇನು ಮಾಡ್ತೀಯ' ಅಂತ ಅವನಿಗೇ ಸಮಾಧಾನ ಹೇಳ್ತಾ ಹತ್ತಿದರು.

ರೂಮು ತೆಗೆದ ಕೂಡಲೇ ಘಮ್ ಅಂತ ಸೆಂಟಿನ ವಾಸನೆ. ಐದು ನಿಮಿಷ ಆದಮೇಲೆ ಅದರ ಅಡಿಯಿಂದ ಮುಗ್ಗಲು ವಾಸನೆ ಎದ್ದು ಬಂತು. ಟವೆಲ್ ಒದ್ದೆ. ಬೆಡ್‌ಶೀಟಿನ ಮೇಲೆ ನಮ್ಮದಲ್ಲದ ಕೂದಲು. ಫೋನ್ ಟಾರ್ಚ್ ಹಾಕಿ ಹಾಸಿಗೆಯ ಹೊಲಿಗೆ ಅಂಚು ನೋಡಿದೆ, ಪೆನ್ನಿನ ಮೊನೆಯಿಂದ ಚುಕ್ಕಿ ಇಟ್ಟ ಹಾಗೆ ಸಾಲಾಗಿ ಕಪ್ಪು ಗುರುತು. ತಿಗಣೆ. ಪೂರ್ತಿ ಬೆಳೆದ ತಿಗಣೆ ಸುಮಾರು 5 ಮಿ.ಮೀ., ಸೇಬಿನ ಬೀಜದಷ್ಟು, ಕಣ್ಣಿಗೆ ಕಾಣುತ್ತೆ. ಆದರೆ ಹಗಲು ಅಡಗಿರುತ್ತೆ, ಅದಕ್ಕೇ ಹುಳ ಹುಡುಕೋದಕ್ಕಿಂತ ಈ ಕಪ್ಪು ಚುಕ್ಕಿ ಹುಡುಕೋದು ಸುಲಭ. ಬ್ಯಾಗುಗಳನ್ನ ನೆಲದ ಮೇಲೂ ಇಡದೆ ಬಾತ್‌ರೂಮ್ ಬಾಗಿಲ ಹತ್ತಿರ ಒಂದು ಸ್ಟೂಲಿನ ಮೇಲೆ ಒಂದರ ಮೇಲೊಂದು ಪೇರಿಸಿಟ್ಟೆ. ಹುಡುಗನನ್ನ ಕರೆದು ತೋರಿಸಿದೆ. ಅವನು ಒಂದು ಕ್ಷಣ ನೋಡಿದ. ಆಮೇಲೆ ಹಾಸಿಗೆ ಎತ್ತಿ ಮಗುಚಿ ಹಾಕಿ, ಶೀಟ್ ಹೊದಿಸಿ, 'ಆಯ್ತು ಮೇಡಂ' ಅಂದ.

ಇಲ್ಲೇ ನಾವು ಎದ್ದು ಹೋಗಬೇಕಿತ್ತು ಅಂತ ನೀವು ಅಂತೀರಿ. ಎಲ್ಲಿಗೆ? ರಾತ್ರಿ ಒಂಬತ್ತು ಗಂಟೆ, ಗೊತ್ತಿಲ್ಲದ ದಾರಿ, ನೆಟ್‌ವರ್ಕ್ ಇಲ್ಲ, ಮಂಡಿ ನೋವಿನ ಅತ್ತೆ, ನಿದ್ದೆಗಣ್ಣಿನ ಮಗು. ಇಂಥ ಜಾಗಗಳ ನಿಜವಾದ ಬಂಡವಾಳ ಇದೇ. ಪೇಟೆಯಲ್ಲಾದರೆ ಎದುರು ಬೀದಿಯಲ್ಲಿ ಇನ್ನೊಂದು ಹೋಟೆಲ್ ಇರುತ್ತೆ, ಆ ಭಯ ಅವರಿಗಿರುತ್ತೆ. ಇಲ್ಲಿ ಕತ್ತಲಾದ ಮೇಲೆ ಬಂದವರು ಎಲ್ಲೂ ಹೋಗಲ್ಲ ಅಂತ ಅವರಿಗೆ ಗೊತ್ತು. ಕುರ್ಚಿ, ಚಾಪೆ, ನಮ್ಮದೇ ಬೆಡ್‌ಶೀಟ್, ಹೇಗೋ ರಾತ್ರಿ ಕಳೆದೆವು. ಊಟದ ಕಥೆ ಹೇಳುವಂಥದ್ದೇನಿಲ್ಲ. ತಣ್ಣಗಿತ್ತು.

ಇಷ್ಟೇ ಆಗಿದ್ದರೆ ನಾನು ಬರೀತಾನೂ ಇರಲಿಲ್ಲ, ಮನೆಗೆ ಬಂದು ನಾಲ್ಕು ಜನರ ಹತ್ತಿರ ಬೈದುಕೊಂಡು ಮರೆತುಬಿಡ್ತಿದ್ದೆ.

ಬೆಳಿಗ್ಗೆ ಕರೆಂಟ್ ಗೀಸರ್ ಕೆಲಸ ಮಾಡಲಿಲ್ಲ. 'ಗ್ಯಾಸ್ ಗೀಸರ್ ಇದೆ ಮೇಡಂ, ನಲ್ಲಿ ತಿರುಗಿಸಿದ ತಕ್ಷಣ ಬಿಸಿ ನೀರು' ಅಂತ ಹುಡುಗ ಹೇಳಿದ. ಬಾತ್‌ರೂಮಿನ ಒಳಗೇ ಗೋಡೆಗೆ ಒಂದು ಬಿಳಿ ಡಬ್ಬ. ಹೊಗೆ ಹೊರಗೆ ಹೋಗೋಕೆ ಪೈಪ್ ಇರಲಿಲ್ಲ. ಮೇಲ್ಗಡೆ ಒಂದು ಸಣ್ಣ ಕಿಟಕಿ ಇತ್ತು, ಅದಕ್ಕೆ ಪ್ಲೈವುಡ್ ಹೊಡೆದು ಮುಚ್ಚಿದ್ದರು, ಬಾವಲಿ ಬರುತ್ತೆ ಅಂತ. ಎಕ್ಸಾಸ್ಟ್ ಫ್ಯಾನ್ ಇರಬೇಕಾದ ಗುಂಡನೆಯ ತೂತಿಗೆ ಹಳೆ ಬಟ್ಟೆ ತುರುಕಿದ್ದರು. ಇದನ್ನೆಲ್ಲ ನಾನು ನೋಡಿದೆ. ನೋಡಿಯೂ ಏನೂ ಹೊಳೆಯಲಿಲ್ಲ. ಬಿಸಿ ನೀರು ಬಂತಲ್ಲ ಅಂತ ಖುಷಿಯಾಯ್ತು.

ಮೊದಲು ಅತ್ತೆ, ಆಮೇಲೆ ನಾನು, ಕೊನೆಗೆ ಮಗಳು. ಅತ್ತೆ ಹೊರಗೆ ಬಂದು 'ಯಾಕೋ ತಲೆ ಸಿಡೀತಿದೆ ಕಣಮ್ಮ' ಅಂದರು, ರಾತ್ರಿ ನಿದ್ದೆ ಇಲ್ಲವಲ್ಲ ಅಂದೆ. ನನಗೂ ನೋವಿತ್ತು. ಮಗಳು ಒಳಗೆ ಹಾಡು ಹೇಳ್ತಿದ್ದಳು. ಹಾಡು ನಿಂತಿದ್ದು ನನಗೆ ಗೊತ್ತಾಗಲಿಲ್ಲ, ಅವಳ ಅಪ್ಪನಿಗೆ ಗೊತ್ತಾಯ್ತು. ಬಾಗಿಲು ತಟ್ಟಿದರೆ ಒಳಗಿಂದ 'ಅಮ್ಮಾ, ತಲೆ ಸುತ್ತುತ್ತೆ' ಅಂತ ತೊದಲು ದನಿ. ಪುಣ್ಯಕ್ಕೆ ಚಿಲಕ ಹಾಕಿರಲಿಲ್ಲ. ಗೋಡೆಗೆ ಒರಗಿ ಕೂತಿದ್ದಳು, ನಲ್ಲಿ ಸುರೀತಾನೇ ಇತ್ತು. ಡಬ್ಬದ ಸಣ್ಣ ಗಾಜಿನ ಹಿಂದೆ ಹಳದಿ ಬೆಂಕಿ ಅಲ್ಲಾಡ್ತಿತ್ತು. ಗ್ಯಾಸ್ ಉರಿ ನೀಲಿ ಇರಬೇಕು, ಗಾಳಿ ಸಾಲದೆ ಅರೆಬರೆ ಉರಿದರೆ ಹಳದಿ ಆಗುತ್ತೆ, ಇದು ಆಮೇಲೆ ಬಂದ ಜ್ಞಾನ.

ಎತ್ತಿಕೊಂಡು ಬಾಲ್ಕನಿಗೆ ಓಡಿದರು. ಅಲ್ಲಿ ವಾಂತಿ ಮಾಡಿದಳು. ಹುಡುಗ ಗಾಬರಿಯಾಗಿ ಕೆಳಗಿಂದ ಬೆರಳಿಗೆ ಸಿಕ್ಕಿಸೋ ಆಕ್ಸಿಮೀಟರ್ ತಂದ. ನೋಡಿದರೆ 98. 'ಆಕ್ಸಿಜನ್ ಸರಿಯಾಗಿದೆ ಸರ್, ಏನೂ ಆಗಿಲ್ಲ' ಅಂದ. ನಮಗೂ ಒಂದು ಕ್ಷಣ ನಿರಾಳ ಆಯ್ತು. ಅತ್ತೆ ಮಾತ್ರ ಹಟ ಹಿಡಿದರು, ಮಗು ಮುಖ ಸರಿ ಇಲ್ಲ, ಡಾಕ್ಟರ ಹತ್ತಿರ ನಡೀರಿ ಅಂತ. ನಮ್ಮ ಅತ್ತೆಗೆ ನಾನು ಈ ಜನ್ಮದಲ್ಲಿ ಇನ್ನು ಎದುರು ಮಾತಾಡಲ್ಲ.

ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, 'ಗ್ಯಾಸ್ ಗೀಸರಾ?'

ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ಸಿಲಿಂಡರ್ ಲೀಕ್ ಆದರೆ ಮೂಗಿಗೆ ಬಡಿಯುತ್ತಲ್ಲ, ಆ ವಾಸನೆಯನ್ನ ಬೇಕಂತಲೇ ಸೇರಿಸಿರ್ತಾರೆ, ಜನಕ್ಕೆ ಗೊತ್ತಾಗಲಿ ಅಂತ. ಇದು ಗ್ಯಾಸ್ ಉರಿದ ಮೇಲೆ ಹುಟ್ಟೋದು, ಇದಕ್ಕೆ ಯಾವ ಗುರುತೂ ಇಲ್ಲ. ರಕ್ತದಲ್ಲಿ ಆಕ್ಸಿಜನ್ ಹೊರೋ ಹಿಮೋಗ್ಲೋಬಿನ್‌ಗೆ ಇದು ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಮತ್ತೆ ಆ ಆಕ್ಸಿಮೀಟರ್! ಬೆರಳಿಗೆ ಹಾಕೋ ಮಾಮೂಲಿ ಆಕ್ಸಿಮೀಟರಿಗೆ ಆಕ್ಸಿಜನ್ ಅಂಟಿದ ರಕ್ತಕ್ಕೂ ಈ ವಿಷ ಅಂಟಿದ ರಕ್ತಕ್ಕೂ ವ್ಯತ್ಯಾಸವೇ ತಿಳಿಯಲ್ಲ. ಎರಡನ್ನೂ ಸೇರಿಸಿ 98 ಅಂತ ತೋರಿಸುತ್ತೆ. ರಕ್ತ ಪರೀಕ್ಷೆಯಲ್ಲೇ ಗೊತ್ತಾಗೋದು. ಮಗಳಿಗೆ ಮಾಸ್ಕ್ ಹಾಕಿ ಆಕ್ಸಿಜನ್ ಕೊಟ್ಟರು, ಸಂಜೆಗೆ ತಿಂಡಿ ಕೇಳಿದಳು. ಈಗ ಆರಾಮಾಗಿದ್ದಾಳೆ. ಇನ್ನೂ ಹತ್ತು ನಿಮಿಷ ತಡ ಆಗಿದ್ದರೆ ಅಂತ ಯೋಚನೆ ಮಾಡೋದನ್ನ ನಿಲ್ಲಿಸಿದ್ದೇನೆ.

ಮ್ಯಾನೇಜರ್ ದನಿ ಫೋನಿನಲ್ಲಿ ಏನು ಹೇಳಿತು ಗೊತ್ತಾ? 'ಪ್ರಯಾಣದ ಸುಸ್ತು ಮೇಡಂ, ಇಲ್ಲಿನ ಗಾಳಿ ಬೇರೆ, ಕೆಲವರಿಗೆ ಒಗ್ಗಲ್ಲ.' ಗಾಳಿಯೇ ಇರಲಿಲ್ಲವಲ್ಲ ಸ್ವಾಮಿ, ಅದೇ ತೊಂದರೆ ಆಗಿದ್ದು. ಲಗೇಜ್ ತರೋಕೆ ಹೋದರೆ ಎರಡನೇ ರಾತ್ರಿಯ ಬಾಡಿಗೆ ಪೂರ್ತಿ ನಿಮ್ಮದೇ ಅಂದರು. ನಾನು ಸ್ವಲ್ಪ ಕಡಿಮೆ ಆಗುತ್ತೆ ಅಂತ ಹಣ ವಾಪಸ್ ಇಲ್ಲದ ದರಕ್ಕೆ ಬುಕ್ ಮಾಡಿದ್ದೆ. ಹೋಟೆಲಿನವರು ವೆಬ್‌ಸೈಟ್ ಕೇಳಿ ಅಂದರು, ವೆಬ್‌ಸೈಟಿನವರು ಹೋಟೆಲ್ ಒಪ್ಪಿದರೆ ಕೊಡ್ತೀವಿ ಅಂದರು. ಕೊನೆಗೆ ಕೆಲಸಕ್ಕೆ ಬಂದಿದ್ದು ಕಾರ್ಡು. ಕಾರ್ಡಿನಲ್ಲಿ ಕಟ್ಟಿದ್ದರೆ, ಹೇಳಿದ ಸೇವೆ ಕೊಡಲಿಲ್ಲ ಅಂತ ಕಾರ್ಡ್ ಕೊಟ್ಟ ಬ್ಯಾಂಕಿಗೇ ತಕರಾರು ಹಾಕಬಹುದು. ಅದಕ್ಕೆ ಗಡುವು ಇರುತ್ತೆ, ಸುಮ್ನೆ ಮುಂದೂಡಬೇಡಿ. ನಮ್ಮವರು ಹೊರಡೋ ಮುಂಚೆ ಪ್ಲೈವುಡ್ ಕಿಟಕಿ, ಬಟ್ಟೆ ತುರುಕಿದ ತೂತು, ಹಾಸಿಗೆ ಅಂಚು, ಎಲ್ಲದರ ಫೋಟೋ ತೆಗೆದಿದ್ದರು. ಫೋನ್ ಮಾತು ಬಿಟ್ಟು ಮಿಕ್ಕಿದ್ದೆಲ್ಲ ಮೆಸೇಜಿನಲ್ಲೇ ಕೇಳಿದ್ದೆವು. ಒಂದು ರಾತ್ರಿಯ ಹಣ ವಾಪಸ್ ಬಂತು.

ಈಗ ನಾನು ಎಲ್ಲಿಗಾದರೂ ಹೋಗೋ ಮುಂಚೆ ನೇರ ಹೋಟೆಲಿಗೇ ಮೆಸೇಜ್ ಹಾಕಿ ಕೇಳ್ತೇನೆ. ಗೀಸರ್ ಕರೆಂಟಿನದಾ ಗ್ಯಾಸಿನದಾ? ಗ್ಯಾಸಿನದಾದರೆ ಬಾತ್‌ರೂಮಿನ ಒಳಗಾ ಹೊರಗಾ? ಕಿಟಕಿ ತೆಗೆಯೋಕೆ ಬರುತ್ತಾ? ಉತ್ತರ ಬರೆದು ಕಳಿಸದೆ 'ನೀವು ಬನ್ನಿ ಮೇಡಂ, ಎಲ್ಲಾ ಇದೆ' ಅಂದರೆ ಆ ಹೋಟೆಲ್ ಬೇಡ. ಬೆಳಕಿರುವಾಗಲೇ ತಲುಪುತ್ತೇವೆ, ರೂಮು ನೋಡಿದ ಮೇಲೇ ಡಿಕ್ಕಿ ತೆಗೆಯೋದು. ಬ್ಯಾಟರಿಯ ಸಣ್ಣ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದು ತಗೊಂಡಿದ್ದೇವೆ, ಅಂಗೈಯಲ್ಲಿ ಹಿಡಿಯುತ್ತೆ, ಟೂತ್‌ಬ್ರಷ್ ಜೊತೆ ಬ್ಯಾಗಿಗೆ ಹೋಗುತ್ತೆ. ಚಳಿಗೆ ಅಂತ ಮುಚ್ಚಿದ ರೂಮಿನೊಳಗೆ ಕೆಂಡದ ಒಲೆ ತಂದಿಟ್ಟರೂ ಇದೇ ವಿಷ, ಕಿಟಕಿ ಕೆಳಗೇ ಜನರೇಟರ್ ಓಡಿಸಿದರೂ ಇದೇ. ಒಂದೇ ರೂಮಿನಲ್ಲಿರೋ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು, ವಾಕರಿಕೆ ಬಂತು ಅಂದರೆ ಸುಸ್ತು ಅಂತ ಮಲಗಬೇಡಿ, ಮೊದಲು ಎಲ್ಲರೂ ಹೊರಗೆ ಬನ್ನಿ.

ಇನ್ನು ರಿವ್ಯೂ. ನಾನು ಐದು ಸ್ಟಾರಿನವನ್ನೇ ಓದಿಕೊಂಡು ಹೋಗಿದ್ದೆ, 'ಸೂಪರ್ ಜಾಗ, ಮತ್ತೆ ಬರ್ತೀವಿ' ಥರದವು. ಬಂದ ಮೇಲೆ ಕೂತು ಕಡಿಮೆ ಸ್ಟಾರಿನ ಕಡೆಯಿಂದ ಓದಿದೆ. ಒಂದು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ಮೂರು ಸ್ಟಾರ್ ಕೊಟ್ಟು ಹೀಗೆ ಬರೆದಿದ್ದರು: ಜಾಗ ಪರವಾಗಿಲ್ಲ, ಸ್ನಾನ ಆದಮೇಲೆ ನಮಗೆಲ್ಲ ಯಾಕೋ ತುಂಬಾ ತಲೆನೋವು ಬಂತು. ಅದರ ಕೆಳಗೆ ಹೋಟೆಲಿನವರ ಉತ್ತರ, ಪ್ರಯಾಣದ ಆಯಾಸ ಇರಬಹುದು, ಮುಂದಿನ ಸಲ ಇನ್ನೂ ಒಂದು ದಿನ ಜಾಸ್ತಿ ಇದ್ದು ವಿಶ್ರಾಂತಿ ತಗೊಳ್ಳಿ.

ನನ್ನ ರಿವ್ಯೂಗೂ ಅದೇ ಉತ್ತರ ಬಂದಿದೆ, ಅಕ್ಷರ ಬದಲಾಗಿಲ್ಲ. ಮೊನ್ನೆ ನೋಡಿದರೆ ಹೊಸ ಫೋಟೋ ಹಾಕಿದ್ದಾರೆ, ಬಾತ್‌ರೂಮಿಗೆ ಹೊಸ ಟೈಲ್ಸ್, ಹೊಸ ಕನ್ನಡಿ. ಮೇಲ್ಗಡೆ ಆ ಪ್ಲೈವುಡ್ ಹಾಗೇ ಇದೆ. ಅದಕ್ಕೆ ಬಿಳಿ ಬಣ್ಣ ಹೊಡೆದು ಮುಂದೆ ಒಂದು ಹೂವಿನ ಕುಂಡ ಇಟ್ಟಿದ್ದಾರೆ.