ನಾಲ್ಕು ಭಾಷೆ, ಒಂದೇ ಬೀಗ: ಮಣಿಚಿತ್ರತ್ತಾಳ್, ಆಪ್ತಮಿತ್ರ, ಚಂದ್ರಮುಖಿ, ಭೂಲ್ ಭುಲಯ್ಯಾ ಹೋಲಿಕೆ

ಆಫೀಸಲ್ಲಿ ತ್ರಿಶ್ಶೂರ್ ಕಡೆ ಹುಡುಗ ಒಬ್ಬ ಇದಾನೆ, ಆಪ್ತಮಿತ್ರ ಅಂದ್ರೆ ಸಾಕು ಮುಖ ಸಿಂಡರಿಸ್ತಾನೆ, ನಾನು ವಿಷ್ಣು ಸಾರ್ ಬಗ್ಗೆ ಒಂದ್ ಮಾತೂ ಕೇಳೋನಲ್ಲ, ಹಂಗಾಗಿ ಈ ಜಗಳ ಟೀ ಬ್ರೇಕಲ್ಲಿ ಮುಗಿಯೋ ಥರ ಇರ್ಲಿಲ್ಲ. ಕೊನೆಗೆ ನಾಲ್ಕನ್ನೂ ಒಂದರ ಹಿಂದೆ ಒಂದು ಕೂತು ನೋಡಿಬಿಡೋಣ ಅಂತ ಈಚೆಗೆ ರಾತ್ರಿ ಊಟ ಆದ್ಮೇಲೆ ಶುರು ಹಚ್ಕೊಂಡೆ, ಮನೆಯವಳೂ ಜೊತೆಗೆ. ಕಥೆ ಎಲ್ರಿಗೂ ಗೊತ್ತಿರೋದೇ, ಹಳೇ ಮನೆಗೆ ಬಂದ ಗಂಗಾ ಅನ್ನೋ ಹೆಂಡ್ತಿ, ಬೀಗ ಹಾಕಿದ ರೂಮಿನ ಕಥೆ ಕೇಳಿ ಕೇಳಿ ತಾನೇ ನಾಗವಲ್ಲಿ ಅನ್ನೋ ಸತ್ತ ನರ್ತಕಿ ಅಂದ್ಕೊಳ್ಳೋದು, ಹೀರೋ ಆಗಿರೋ ಮನಸ್ಸಿನ ಡಾಕ್ಟ್ರು ವಾಸಿ ಮಾಡೋದು; ಸ್ಪಾಯ್ಲರ್ ಅಂತ ಯಾರೂ ಬಯ್ಬೇಡಿ, ಇಪ್ಪತ್ತು ಮೂವತ್ತು ವರ್ಷ ಹಳೇ ಸಿನಿಮಾಗಳು.

ಮೊದ್ಲು ಲೆಕ್ಕ ಹೇಳ್ಬಿಡ್ತೀನಿ. ಮಲಯಾಳಂ ಮಣಿಚಿತ್ರತ್ತಾಳ್ 1993, ಫಾಝಿಲ್ ಡೈರೆಕ್ಷನ್, ಮಧು ಮುಟ್ಟಂ ಕಥೆ. ಆಪ್ತಮಿತ್ರ 2004, ಪಿ. ವಾಸು, ದ್ವಾರಕೀಶ್ ಪ್ರೊಡಕ್ಷನ್. ಚಂದ್ರಮುಖಿ 2005, ಅದೂ ವಾಸುನೇ. ಭೂಲ್ ಭುಲಯ್ಯಾ 2007, ಪ್ರಿಯದರ್ಶನ್. ಈ ಪ್ರಿಯದರ್ಶನ್ ಒರಿಜಿನಲ್‌ಗೂ ಸೆಕೆಂಡ್ ಯೂನಿಟ್‌ನಲ್ಲಿ ಕೆಲಸ ಮಾಡಿದ್ದೋರು, ಅವ್ರ ಜೊತೆ ಸಿಬಿ ಮಲಯಿಲ್, ಸಿದ್ದಿಕ್-ಲಾಲ್ ಕೂಡ ಇದ್ರು. ಅಂದ್ರೆ ಫಾಝಿಲ್ ಕೈಕೆಳಗೆ ಕೇರಳದ ಅರ್ಧ ಇಂಡಸ್ಟ್ರಿನೇ ಇತ್ತು ಅನ್ನಿ.

ನಾಲ್ಕೂ ನೋಡಿದ್ಮೇಲೆ ನಂಗೆ ಅನ್ಸಿದ್ದು ಒಂದೇ. ಹೀರೋ ಎಷ್ಟು ಲೇಟಾಗಿ ಬರ್ತಾನೋ, ಗಂಗಾ ಅಷ್ಟು ದೊಡ್ಡೋಳಾಗ್ತಾಳೆ. ಹೀರೋ ಮೊದಲ ಸೀನಿಂದ್ಲೇ ಕೂತ್ಬಿಟ್ರೆ ಅವಳು ಕೊನೇ ಅರ್ಧ ಗಂಟೆಗೆ ಗೆಸ್ಟ್ ಅಪಿಯರೆನ್ಸ್ ಥರ ಆಗೋಗ್ತಾಳೆ.

ಒರಿಜಿನಲ್‌ನಲ್ಲಿ ಮೋಹನ್‌ಲಾಲ್ ಬರೋದು ಒಂದು ಗಂಟೆ ದಾಟಿದ ಮೇಲೆ. ಮೋಹನ್‌ಲಾಲ್! ಆ ಟೈಮಲ್ಲಿ ಅವ್ರ ಸ್ಟಾರ್‌ಡಮ್ ನೆನೆಸ್ಕೊಳ್ಳಿ, ಅಷ್ಟು ಹೊತ್ತು ಹೀರೋ ಇಲ್ದೆ ಕೂರಿಸೋಕೆ ಧೈರ್ಯ ಬೇಕು. ಆ ಒಂದು ಗಂಟೇಲಿ ಏನಾಗುತ್ತೆ ಅಂದ್ರೆ, ಕಲ್ಕತ್ತಾದಿಂದ ಬಂದ ನಕುಲನ್, ಗಂಗಾ ಇಬ್ರೂ ಮಾಡಂಪಳ್ಳಿ ಅನ್ನೋ ಹಳೇ ತರವಾಡಿಗೆ, ಅಂದ್ರೆ ಹಿರೀಕರ ಮನೆಗೆ ಬಂದು ಇಳ್ಕೋತಾರೆ, ಮನೆತುಂಬ ನೆಂಟ್ರು, ಇನೊಸೆಂಟ್, ನೆಡುಮುಡಿ ವೇಣು, ಕೆಪಿಎಸಿ ಲಲಿತಾ ಇವ್ರೆಲ್ಲ ಭೂತಕ್ಕೆ ಹೆದ್ರಿ ಮಾಡೋ ಕಾಮಿಡಿ, ಅದ್ರ ಮಧ್ಯೆ ಗಂಗಾಗೆ ಮಾಡೋಕೆ ಏನೂ ಕೆಲಸ ಇಲ್ಲ. ಗಂಡ ಇಂಜಿನಿಯರ್, ಅವ್ನ ಡ್ರಾಯಿಂಗ್ ಅವ್ನಿಗೆ. ಇವಳು ಮಧ್ಯಾಹ್ನದ ಹೊತ್ತಲ್ಲಿ ಬೀಗ ಹಾಕಿರೋ ರೂಮಿನ ಕಥೆ ಕೇಳ್ತಾಳೆ, ಮತ್ತೆ ಕೇಳ್ತಾಳೆ. ಬೋರ್ ಹೊಡ್ಸೋ ಮನೇಲಿ ಒಬ್ಳು ಹೆಂಗಸು ಕಥೆಯೊಳಗೆ ಹೆಂಗೆ ಇಳೀತಾಳೆ ಅಂತ ನಮ್ಗೆ ಗೊತ್ತಾಗದ ಹಂಗೆ ತೋರಿಸ್ತಾರೆ. ಎರಡನೇ ಸಲ ನೋಡಿದ್ರೆ ಮಾತ್ರ ಗಂಗಾ ಪಾತ್ರ ಮಾಡಿರೋ ಶೋಭನಾ ಮೊದ್ಲಿಂದ್ಲೂ ಏನ್ ಮಾಡ್ತಿದ್ರು ಅಂತ ಕಾಣುತ್ತೆ, ಬೇರೆಯೋರು ಮಾತಾಡ್ತಿರುವಾಗ ಆಕೆ ಕಣ್ಣು ಎಲ್ಲೋ ಇರುತ್ತೆ. ನ್ಯಾಷನಲ್ ಅವಾರ್ಡ್ ಸುಮ್ನೆ ಬರ್ಲಿಲ್ಲ.

ನಮ್ಮೋರಿಗೆ ಗೊತ್ತಿರ್ಬೇಕಾದ ವಿಷಯ ಇನ್ನೊಂದಿದೆ. ಆ ಸಿನಿಮಾದಲ್ಲಿ ಎಲ್ರೂ ಅನುಮಾನ ಪಡೋ ಶ್ರೀದೇವಿ ಪಾತ್ರ ಮಾಡಿರೋದು ನಮ್ಮ ಉಡುಪಿಯ ವಿನಯಾ ಪ್ರಸಾದ್. ಪಕ್ಕದ ಮನೆ ಕವಿ ಮಹಾದೇವನ್, ಹಾಡಲ್ಲಿ ನಾಗವಲ್ಲಿ ಪ್ರಿಯತಮ ರಾಮನಾಥನ್ ಆಗಿ ಕುಣಿಯೋದು ನಮ್ಮ ಶ್ರೀಧರ್, ಅದೇ ಶಿಶುನಾಳ ಶರೀಫರ ಪಾತ್ರ ಮಾಡಿದ್ರಲ್ಲ ಅವ್ರು. ತ್ರಿಶ್ಶೂರ್ ಹುಡುಗನಿಗೆ ಇದನ್ನ ಹೇಳ್ದಾಗ ಅವ್ನು ಗೂಗಲ್ ಮಾಡಿ ನೋಡ್ಕೊಂಡ, ನಂಬಲಿಲ್ಲ ಮೊದ್ಲು.

ಈಗ ಆಪ್ತಮಿತ್ರ. ಇಲ್ಲಿ ವಿಷ್ಣುವರ್ಧನ್ ಒರಿಜಿನಲ್‌ಗಿಂತ ಬೇಗ ಬರ್ತಾರೆ, ಬಂದ್ಮೇಲೆ ಸಿನಿಮಾ ಅವ್ರದ್ದೇ. ನಾನು ವಿಷ್ಣು ಫ್ಯಾನ್, ಆದ್ರೂ ಹೇಳ್ತೀನಿ, ಮೊದಲರ್ಧದಲ್ಲಿ ಹಾಡು, ತಮಾಷೆ ಎಲ್ಲಾ ಜಾಸ್ತಿ ಆಯ್ತು. ಗಾಳಿಪಟದ ಹಾಡು ನಂಗೂ ಬಾಯಿಪಾಠ, ಮದುವೆ ಆರ್ಕೆಸ್ಟ್ರಾದಲ್ಲಿ ಹಾಕಿದ್ರೆ ಈಗ್ಲೂ ಕಾಲು ಕುಣಿಯುತ್ತೆ, ಆದ್ರೆ ಕಥೆಗೆ ಅದ್ರಿಂದ ಏನಾಯ್ತು ಅಂತ ಕೇಳಿದ್ರೆ ಉತ್ರ ಇಲ್ಲ. ಗುರುಕಿರಣ್ ಹಾಡುಗಳಲ್ಲಿ ಕಥೆಗೆ ನಿಜವಾಗ್ಲೂ ಬೇಕಾಗಿದ್ದು ಕೊನೇದೊಂದೇ, ರಾ ರಾ.

ಆದ್ರೆ ವಾಸು ಇಲ್ಲೊಂದು ಭಾರಿ ಬುದ್ಧಿವಂತಿಕೆ ಮಾಡಿದಾರೆ. ಒರಿಜಿನಲ್‌ನಲ್ಲಿ ನಾಗವಲ್ಲಿನ ಕೊಂದ ಯಜಮಾನ ಶಂಕರನ್ ತಂಬಿ ಅನ್ನೋನು ಹೆಚ್ಚುಕಮ್ಮಿ ಬರೀ ಹೆಸರು, ಒಂದು ಪಟ. ಕನ್ನಡದಲ್ಲಿ ಅವ್ನು ವಿಜಯ ರಾಜೇಂದ್ರ ಬಹದ್ದೂರ್, ಮಾಡಿರೋದು ವಿಷ್ಣುನೇ. ವಾಸಿ ಮಾಡೋ ಡಾಕ್ಟ್ರೂ ಅವ್ರೇ, ಕೊಂದ ರಾಜನೂ ಅವ್ರೇ. ಆ ಹೌಲಾ ಹೌಲಾ ಬಂದಾಗ ಥಿಯೇಟರ್‌ಗಳಲ್ಲಿ ಏನಾಗಿತ್ತು ಅಂತ ಆಗ ನೋಡಿದೋರಿಗೆ ಗೊತ್ತು. ಲಾಜಿಕ್ ಕೇಳ್ಬೇಡಿ, ನೂರಾರು ವರ್ಷ ಹಿಂದಿನ ರಾಜನಿಗೂ ಈ ಡಾಕ್ಟ್ರಿಗೂ ಒಂದೇ ಮುಖ ಯಾಕೆ ಅಂತ ಕೇಳಿದ್ರೆ ಸಿನಿಮಾ ಮುಂದೆ ಹೋಗಲ್ಲ. ಆದ್ರೆ ಕ್ಲೈಮ್ಯಾಕ್ಸ್‌ಗೆ ತೂಕ ಬಂದಿದ್ದು ಇದ್ರಿಂದ್ಲೇ, ರಾಜ ಅಂದ್ಕೊಂಡು ಕಡಿಯೋಕೆ ಗಂಗಾ ಎದುರಿಗೆ ಇಟ್ಟಿರೋ ಬರೀ ಬೊಂಬೆ ಅಲ್ಲ, ನಿಜವಾಗ್ಲೂ ಒಬ್ಬ ರಾಕ್ಷಸ ನಿಂತಂಗೆ ಆಗುತ್ತೆ.

ಇನ್ನು ಸೌಂದರ್ಯ. ಅವ್ರಿಗೆ ಸಿಕ್ಕಿದ ಜಾಗ ಶೋಭನಾಗಿಂತ ಕಮ್ಮಿ, ಅದ್ರಲ್ಲೂ ಮೊದಲರ್ಧದಲ್ಲಿ ಸೀರೆ ಉಟ್ಕೊಂಡು ಓಡಾಡೋದೇ ಕೆಲಸ. ಆದ್ರೂ ಕೊನೇಲಿ ಏನ್ ಮಾಡಿದಾರೆ ಗುರೂ. 2004ರ ಏಪ್ರಿಲ್ 17ಕ್ಕೆ ಜಕ್ಕೂರಿಂದ ಹೊರಟ ವಿಮಾನ ಬಿದ್ದು ಹೋಗ್ಬಿಟ್ರು, ಸಿನಿಮಾ ಬಂದಿದ್ದು ಆಗಸ್ಟ್‌ನಲ್ಲಿ. ಆಗ ನೋಡಿದೋರ್ಯಾರೂ ಆ ಪಾತ್ರನ ಬರೀ ಪಾತ್ರ ಅಂತ ನೋಡೋಕೆ ಆಗ್ಲಿಲ್ಲ, ನಮ್ಮಮ್ಮ ಅಂತೂ ನಾಗವಲ್ಲಿ ಬಂದಾಗೆಲ್ಲ ಕಣ್ಣೊರೆಸ್ಕೊಂಡೇ ಕೂತಿದ್ರು, ಹೆದರೋ ಸೀನಲ್ಲಿ ಹೆದರಲೇ ಇಲ್ಲ.

ಭಾಷೆ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಈ ಕಥೆ ಜೀವ ಇರೋದೇ ಅಲ್ಲಿ. ಗಂಗಾ ಮೈಮೇಲೆ ಬಂದಾಗ ಬೇರೆ ಭಾಷೆ ಮಾತಾಡ್ತಾಳೆ. ಮಲಯಾಳಂನಲ್ಲಿ ನಾಗವಲ್ಲಿ ತಂಜಾವೂರಿನ ನರ್ತಕಿ, ತಮಿಳು. ಕನ್ನಡದಲ್ಲೂ ತಮಿಳಲ್ಲೂ ತೆಲುಗು. ಹಿಂದಿಯಲ್ಲಿ ಮಂಜುಲಿಕಾ, ಬಂಗಾಳಿ. ಫಾಝಿಲ್ ಶೋಭನಾಗೆ ಎರಡು ದನಿ ಹಾಕ್ಸಿದಾರೆ, ಗಂಗಾಗೆ ಭಾಗ್ಯಲಕ್ಷ್ಮಿ, ನಾಗವಲ್ಲಿಯ ತಮಿಳಿಗೆ ದುರ್ಗಾ, ಇಬ್ರು ಬೇರೆ ಬೇರೆ ಡಬ್ಬಿಂಗ್ ಆರ್ಟಿಸ್ಟ್. ಕೇಳೋರಿಗೆ ಕಾರಣ ಗೊತ್ತಾಗಲ್ಲ, ಆದ್ರೆ ಇವಳು ಆ ಹೆಂಗಸಲ್ಲ ಅಂತ ಕಿವಿಗೆ ಹೊಡೆಯುತ್ತೆ. ಸೌಂದರ್ಯ ಮುಳಬಾಗಿಲು ಕಡೆಯೋರು, ತೆಲುಗಲ್ಲೇ ದೊಡ್ಡ ಸ್ಟಾರ್ ಆಗಿದ್ದೋರು, ತೆಲುಗು ಅವ್ರ ಬಾಯಲ್ಲಿ ನೀರು ಕುಡಿದಂಗೆ. ಆದ್ರೆ ನಮ್ಮದು ಚಿಂತಾಮಣಿ ಕಡೆ, ಮನೇಲಿ ಅರ್ಧ ತೆಲುಗೇ ನಡೆಯೋದು. ಟಿವಿಲಿ ಆಪ್ತಮಿತ್ರ ಬಂದಾಗ ನಮ್ಮಜ್ಜಿ ನಾಗವಲ್ಲಿ ಡೈಲಾಗ್ ಕೇಳಿ ಹುಡುಗಿ ತೆಲುಗು ಎಷ್ಟು ಸ್ಪಷ್ಟ ಮಾತಾಡ್ತಾಳೆ ನೋಡು ಅಂತ ಮೆಚ್ಕೊಂಡಿದ್ರು. ಕೋಲಾರ, ಚಿಕ್ಕಬಳ್ಳಾಪುರದೋರಿಗೆ ಅಲ್ಲಿ ಭಯ ಆಗೋದು ಕಷ್ಟ ಬಿಡಿ, ಪಕ್ಕದ್ಮನೆ ಆಂಟಿ ಸಿಟ್ಟಾದಂಗೆ ಇರುತ್ತೆ.

ಗಂಗಾ ಸಿಟ್ಟಲ್ಲಿ ಮಂಚ ಎತ್ತೋ ಸೀನ್ ನಾಲ್ಕರಲ್ಲೂ ಇದೆ, ಅದನ್ನ ಮಾತ್ರ ನಾನು ಹಿಂದೆ ಮುಂದೆ ಎಳೆದು ಪಕ್ಕಪಕ್ಕ ನೋಡ್ದೆ. ಹೊರಗೆ ಹೋಗ್ಬೇಡ ಅಂತ ಗಂಡ ಅಂತಾನೆ. ಶೋಭನಾ ಮೊದ್ಲು ಮಾಮೂಲಿ ಹೆಂಡ್ತಿ ಥರಾನೇ ಯಾಕೆ ಅಂತಾರೆ, ಸಿಟ್ಟೂ ಮಾಮೂಲಿ ಸಿಟ್ಟೇ. ಆಮೇಲೆ ಕತ್ತು ಒಂಚೂರು ಬಗ್ಗುತ್ತೆ, ಕಣ್ಣು ಮೇಲಕ್ಕೆ ಬರುತ್ತೆ, ಬಾಯಿಂದ ಬರೋ ಭಾಷೆ ಬದಲಾಗಿರುತ್ತೆ, ಯಾವ ಕ್ಷಣಕ್ಕೆ ಬದಲಾಯ್ತು ಅಂತ ಪಾಸ್ ಮಾಡಿ ಹುಡುಕಿದ್ರೂ ಸಿಗಲ್ಲ. ಮಂಚ ಎತ್ತೋದು ಬರೀ ಕೊನೇ ಮೊಳೆ. ಭೂಲ್ ಭುಲಯ್ಯಾದ ವಿದ್ಯಾ ಬಾಲನ್ ಇಲ್ಲಿ ಬಹಳ ಹತ್ರ ಬರ್ತಾರೆ, ಅವ್ರ ದನಿ ಕೆಳಗಿಳಿಯೋ ರೀತಿ ಚೆನ್ನಾಗಿದೆ, ಮೈ ಜುಮ್ ಅನ್ಸುತ್ತೆ. ಸೌಂದರ್ಯ ಅದನ್ನ ಸಿಟ್ಟಿನ ಕಡೆಗೆ ಜಾಸ್ತಿ ಎಳ್ದಿದಾರೆ, ನಂಗೆ ಇಷ್ಟಾನೇ, ಗಂಡನ ಪಾತ್ರದ ರಮೇಶ್ ಅರವಿಂದ್ ಎದುರಿಗೆ ಕಕ್ಕಾಬಿಕ್ಕಿ ಆಗಿ ನಿಲ್ಲೋದು ಆ ಸೀನ್‌ಗೆ ಅರ್ಧ ಬಲ. ಚಂದ್ರಮುಖಿಯ ಜ್ಯೋತಿಕಾ ಕಣ್ಣಲ್ಲೇ ಎಲ್ಲಾ ಮಾಡೋಕೆ ಹೋಗಿದಾರೆ. ತಮಿಳು ಫ್ರೆಂಡ್ಸ್ ಹೊಡೀಬಹುದು ನಂಗೆ, ಆದ್ರೆ ಕಣ್ಣು ಅಗಲ ಮಾಡಿದ ತಕ್ಷಣ ಇದು ಆ್ಯಕ್ಟಿಂಗ್ ಅಂತ ಗೊತ್ತಾಗ್ಬಿಡುತ್ತೆ. ಕೊನೇ ಡಾನ್ಸಲ್ಲಿ ಮಾತ್ರ ಅದೇ ಕಣ್ಣು ಕೆಲಸಕ್ಕೆ ಬಂದಿದೆ.

ಚಂದ್ರಮುಖಿ ಬಗ್ಗೆ ಜಾಸ್ತಿ ಹೇಳಲ್ಲ. ಬಾಬಾ ಸೋತ ಮೇಲೆ ರಜನಿಗೆ ಒಂದು ಗೆಲುವು ಬೇಕಿತ್ತು, ವಾಸು ಕೊಟ್ರು, ಚಿಂದಿ ಓಡ್ತು. ಶುರುವಿಂದ್ಲೇ ರಜನಿ, ಫೈಟು, ಹಾಡು, ವಡಿವೇಲು. ವಡಿವೇಲು ಕಾಮಿಡಿ ನಮ್ಮ ದ್ವಾರಕೀಶ್ ಕಾಮಿಡಿಗಿಂತ ಚೆನ್ನಾಗಿದೆ, ಇದನ್ನ ಒಪ್ಕೊಳ್ಳೋಕೆ ನೋವಾದ್ರೂ ನಿಜ. ವೇಟ್ಟೈಯನ್ ರಾಜನಾಗಿ ರಜನಿ ಲಕಲಕ ಅನ್ನೋದು ಹೌಲಾ ಹೌಲಾಗಿಂತ ಮಜಾನಾ? ಇಲ್ಲ. ಅದು ನನ್ ಪಾರ್ಷಿಯಾಲಿಟಿ ಅಂದ್ರೂ ಪರವಾಗಿಲ್ಲ. ಆಚಾರ್ಯರ ಪಾತ್ರಕ್ಕೆ ಅವಿನಾಶ್ ಅವ್ರನ್ನ ಕನ್ನಡದಿಂದ್ಲೇ ಕರ್ಕೊಂಡು ಹೋದ್ರು, ಒಳ್ಳೇ ಕೆಲಸ ಮಾಡಿದ್ರು, ಆ ಗಾಂಭೀರ್ಯ ಬೇರೆಯೋರಿಗೆ ಬರ್ತಿರ್ಲಿಲ್ಲ. ಆದ್ರೆ ಆ ಹಾವು! ಆ ದೊಡ್ಡ ಹಾವು ಯಾಕೆ ಬರುತ್ತೆ, ಯಾಕೆ ಹೋಗುತ್ತೆ? ಇಡೀ ಸಿನಿಮಾ ದೆವ್ವ ಇಲ್ಲ ಅದು ಮನಸ್ಸಿನ ಕಾಯಿಲೆ ಅಂತ ಹೇಳಿ ಪಕ್ಕದಲ್ಲೇ ಒಂದು ಹಾವು ಬಿಟ್ಟಿದಾರೆ, ನಂಬೋರಿಗೂ ಇರಲಿ ಅಂತ.

ಇದೇ ನಂಗೆ ವಾಸು ವರ್ಷನ್‌ಗಳ ಜೊತೆ ಇರೋ ದೊಡ್ಡ ತಕರಾರು. ಒರಿಜಿನಲ್‌ನಲ್ಲಿ ಮೋಹನ್‌ಲಾಲ್ ಮಾಡಿರೋ ಸನ್ನಿ ಅನ್ನೋ ಡಾಕ್ಟ್ರು ಗಂಗಾಳ ಬಾಲ್ಯ ಬಿಡಿಸಿ ಹೇಳ್ತಾನೆ, ಅಪ್ಪ ಅಮ್ಮ ದೂರ ಕಲ್ಕತ್ತಾದಲ್ಲಿ, ಇವಳು ಊರಲ್ಲಿ ಅಜ್ಜಿ ಹತ್ರ ಕಥೆ ಕೇಳ್ಕೊಂಡು ಬೆಳ್ದೋಳು. ಅಷ್ಟು ಹೇಳಿದ್ಮೇಲೆ ಅವಳಿಗೆ ಬೀಗ ಹಾಕಿದ ರೂಮು ಯಾಕೆ ಅಷ್ಟು ಸೆಳೀತು ಅಂತ ಅರ್ಥ ಆಗುತ್ತೆ, ದೆವ್ವಕ್ಕಿಂತ ಜಾಸ್ತಿ ಪಾಪ ಅನ್ಸುತ್ತೆ. ಹಾಗಂತ ಅಲ್ಲೂ ತಿಲಕನ್ ಮಾಡಿರೋ ತಂತ್ರಿ ಇದಾನೆ, ಮಂಡಲ, ಹೋಮ ಎಲ್ಲಾ ಇದೆ, ಆದ್ರೆ ಆ ತಂತ್ರಿಗೂ ಡಾಕ್ಟ್ರಿಗೂ ಮೊದ್ಲೇ ಪರಿಚಯ ಇರುತ್ತೆ, ಇಬ್ರೂ ಒಬ್ರನ್ನೊಬ್ರು ಗೌರವಿಸ್ತಾರೆ, ಸೇರಿ ಪ್ಲಾನ್ ಮಾಡ್ತಾರೆ. ಸೈನ್ಸು ಮತ್ತೆ ಪೂಜೆ ಕುಸ್ತಿ ಆಡಲ್ಲ.

ಭೂಲ್ ಭುಲಯ್ಯಾನ ನಾನು ಕೊನೇಲಿ ಇಟ್ಕೊಂಡಿದ್ದೆ, ಏನೂ ಎಕ್ಸ್‌ಪೆಕ್ಟೇಷನ್ ಇಲ್ದೆ. ಹೀರೋ ತಡವಾಗಿ ಬರೋದನ್ನ ಪ್ರಿಯದರ್ಶನ್ ಉಳಿಸ್ಕೊಂಡಿದಾರೆ, ಅದಕ್ಕೇ ವಿದ್ಯಾಗೆ ಉಸಿರಾಡೋಕೆ ಜಾಗ ಸಿಕ್ಕಿದೆ. ಪರೇಶ್ ರಾವಲ್, ರಾಜ್‌ಪಾಲ್ ಯಾದವ್, ಅಸ್ರಾನಿ ಕಾಮಿಡಿ ಒಂದೊಂದು ಕಡೆ ಅತಿ ಆಯ್ತು, ಕೂಗಾಟ ಜಾಸ್ತಿ, ಮನೆಯವಳು ಮಧ್ಯದಲ್ಲಿ ಎದ್ದು ಹೋಗಿ ನಾಳೆಗೆ ಅಕ್ಕಿ ನೆನೆಹಾಕಿ ಬಂದ್ಲು, ಏನೂ ಮಿಸ್ ಆಗಿರ್ಲಿಲ್ಲ. ಆದ್ರೆ ಎಂ.ಜಿ. ಶ್ರೀಕುಮಾರ್, ಶ್ರೇಯಾ ಘೋಷಾಲ್ ಹಾಡಿರೋ ಆ ಕೊನೇ ಡಾನ್ಸ್ ಹಾಡು ಬಂದಾಗ ಅವಳೇ ವಾಲ್ಯೂಮ್ ಜಾಸ್ತಿ ಮಾಡು ಅಂದ್ಲು. ಆ ಒಂದು ಹಾಡಿಗೆ ನಾನು ಪ್ರೀತಮ್‌ಗೆ ಏನು ಬೇಕಾದ್ರೂ ಕ್ಷಮಿಸ್ತೀನಿ. ಎಂ.ಜಿ. ಶ್ರೀಕುಮಾರ್ ಯಾರು ಗೊತ್ತಾ, ಒರಿಜಿನಲ್‌ಗೆ ಮ್ಯೂಸಿಕ್ ಮಾಡಿದ ಎಂ.ಜಿ. ರಾಧಾಕೃಷ್ಣನ್ ಅವ್ರ ತಮ್ಮ.

ಆ ರಾಧಾಕೃಷ್ಣನ್ ಅವ್ರ ಕೆಲಸದ ಬಗ್ಗೆ ಒಂದ್ ಮಾತು. ಒರಿಜಿನಲ್‌ನ ಒಂದು ಹಾಡು ಆಹಿರಿ ರಾಗದಲ್ಲಿದೆ. ಆಹಿರಿ ಹಾಡಿದ್ರೆ ಅವತ್ತು ಊಟ ಸಿಗಲ್ಲ ಅಂತ ಸಂಗೀತದೋರು ಹೇಳ್ತಾರಲ್ಲ, ಅದೇ ರಾಗ. ಅಪಶಕುನದ ರಾಗನ ಅಪಶಕುನದ ಮನೆಗೆ ತಂದು ಹಾಕಿದಾರೆ. ಡಾನ್ಸ್ ಹಾಡು ಕುಂತಲವರಾಳಿ. ನಮ್ಮ ರಾ ರಾ ಕೇಳೋಕೆ ಅದಕ್ಕಿಂತ ಜೋಶ್, ನಿಜ, ಸ್ಪೀಕರ್ ಒಡೆಯೋ ಹಂಗಿದೆ, ಆದ್ರೆ ಒರಿಜಿನಲ್ ಹಾಡು ಮುಗಿದ್ಮೇಲೂ ಕಾಡುತ್ತೆ.

ಹಂಗಾದ್ರೆ ಯಾವ್ದು ಫಸ್ಟು ಅಂತ ಕೇಳಿದ್ರೆ, ಸಿನಿಮಾ ಅಂತ ನೋಡೋಕೆ ಮಣಿಚಿತ್ರತ್ತಾಳ್, ಅದ್ರಲ್ಲಿ ಡೌಟೇ ಇಲ್ಲ, ಟೀ ಬ್ರೇಕಲ್ಲಿ ಆ ಹುಡುಗನಿಗೆ ಇಷ್ಟನ್ನ ಬಿಟ್ಕೊಟ್ಟಾಯ್ತು. ಹಬ್ಬಕ್ಕೆ ನೆಂಟ್ರು ಬಂದಾಗ, ಹಾಲ್ ತುಂಬ ಜನ ಕೂತಾಗ ಹಾಕೋಕೆ ಆಪ್ತಮಿತ್ರ, ಇದನ್ನ ಅವ್ನು ಒಪ್ಪಿಲ್ಲ, ಒಪ್ಪೋದೂ ಬೇಡ. ಅಲ್ಲಿಂದಾಚೆಗೆ ಭೂಲ್ ಭುಲಯ್ಯಾ, ಆಮೇಲೆ ಚಂದ್ರಮುಖಿ. ಇವುಗಳ ಮುಂದುವರಿದ ಭಾಗಗಳನ್ನ ಈ ಪಟ್ಟಿಗೆ ಸೇರಿಸ್ಬೇಡಿ, 2010ರ ಆಪ್ತರಕ್ಷಕನ ನಾನು ವಿಷ್ಣು ಸಾರ್ ಕೊನೇ ಸಿನಿಮಾ, ಅವ್ರ ಇನ್ನೂರನೇದು ಅಂತ ಬೇರೆ ಕಾರಣಕ್ಕೆ ನೋಡ್ತೀನಿ.

ಒರಿಜಿನಲ್ ಇನ್ನೂ ನೋಡ್ದೇ ಇರೋರು 2024ರಲ್ಲಿ 4ಕೆ ಮಾಡಿ ಮತ್ತೆ ರಿಲೀಸ್ ಮಾಡಿದ್ರಲ್ಲ, ಆ ಪ್ರಿಂಟ್ ಸಿಕ್ಕಿದ್ರೆ ಅದ್ರಲ್ಲೇ ನೋಡಿ, ಹಿಲ್ ಪ್ಯಾಲೇಸ್, ಪದ್ಮನಾಭಪುರಂ ಅರಮನೆಯ ಆ ಕತ್ತಲೆ ಮೂಲೆಗಳು ಹಳೇ ಪ್ರಿಂಟಲ್ಲಿ ಬರೀ ಕಪ್ಪು ಮಸಿ. ಸಬ್‌ಟೈಟಲ್ ಹಾಕ್ಕೊಳ್ಳಿ, ಡಬ್ಬಿಂಗ್ ಆಗಿರೋದು ಮಾತ್ರ ಬೇಡ್ವೇ ಬೇಡ, ಮಲಯಾಳಂ ಹೋಗಿ ತಮಿಳು ಬರೋ ಜಾಗನೇ ಕೇಳಿಸ್ದೆ ಹೋದ್ರೆ ಆ ಮಂಚದ ಸೀನಲ್ಲಿ ಉಳಿಯೋದು ಬರೀ ಮಂಚ.