ಎದೆಯ ಮೇಲಿನ ಕ್ಯಾಮೆರಾ, ಕಂಬದ ಕ್ಯಾಮೆರಾ: ಬಡಾವಣೆಯವರೊಂದಿಗೆ ಪೊಲೀಸರು ನಡೆಸುವ ಬೀಟ್ ಸಭೆಯಲ್ಲಿ ಯಾವುದನ್ನು ಕೇಳಬೇಕು?

ರಾಯಚೂರಿನ ನಿಮ್ಮ ಬಡಾವಣೆಯ ಚಿಂತೆ ಸರಗಳ್ಳತನ ಅಥವಾ ಬೈಕ್ ಕಳವು ಎಂದಾದರೆ ಕಂಬದ ಸಿಸಿಟಿವಿ ಸಾಕು. ಯಾರೂ ಗುಂಡಿ ಒತ್ತದೆಯೇ ಅದು ಹಗಲಿರುಳು ದಾಖಲಿಸುತ್ತದೆ. ಆದರೆ ತೀನ್ ಕಂದೀಲ್ ಬಳಿ ತಳ್ಳುಗಾಡಿಯವರನ್ನು ಎಬ್ಬಿಸುವಾಗ ಕಾನ್‌ಸ್ಟೆಬಲ್ ಏಕವಚನದಲ್ಲಿ ಗದರಿದರೋ, ವ್ಯಾಪಾರಿಯೇ ಮೊದಲು ಕೈ ಎತ್ತಿದರೋ ಎಂಬುದು ಅಷ್ಟು ಎತ್ತರದಿಂದ ತಿಳಿಯುವುದಿಲ್ಲ. ಸಮವಸ್ತ್ರದ ಮೇಲಿನ ಕ್ಯಾಮೆರಾ ಮಾತನ್ನೂ ಹಿಡಿಯುವುದರಿಂದ ಇಬ್ಬರಿಗೂ ಆಸರೆಯಾಗಬಲ್ಲದು.

ಅದರ ದೊಡ್ಡ ಕೊರತೆಯೆಂದರೆ, ಚಾಲೂ ಮಾಡುವುದೂ ನಿಲ್ಲಿಸುವುದೂ ಸಾಮಾನ್ಯವಾಗಿ ಧರಿಸಿದವರ ಕೈಯಲ್ಲೇ ಇರುತ್ತದೆ. ಅಮೆರಿಕದ ರಿಯಾಲ್ಟೊ ಪಟ್ಟಣದಲ್ಲಿ 2012ರಲ್ಲಿ ಆರಂಭವಾದ ಇಂತಹ ಕ್ಯಾಮೆರಾಗಳ ಪ್ರಯೋಗದಲ್ಲಿ ಪೊಲೀಸರ ಮೇಲಿನ ದೂರುಗಳು ಬಹಳ ಇಳಿದವು. ಆದರೆ ವಾಷಿಂಗ್ಟನ್‌ನಲ್ಲಿ 2,000ಕ್ಕೂ ಹೆಚ್ಚು ಸಿಬ್ಬಂದಿಯನ್ನು ಒಳಗೊಂಡು ನಡೆದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಉಪಕರಣಕ್ಕಿಂತ ನಿಯಮವೇ ಮುಖ್ಯವೆಂದು ನನ್ನ ದೃಢವಾದ ಅಭಿಪ್ರಾಯ.

ಗಂಡನ ಹೊಡೆತ ತಾಳಲಾರದೆ 112ಕ್ಕೆ ಕರೆ ಮಾಡಿದ ಹೆಣ್ಣುಮಗಳ ಮನೆಯೊಳಗೆ ಚಿತ್ರೀಕರಣ ನಡೆದರೆ ಆ ದೃಶ್ಯ ಯಾರ ಮೊಬೈಲಿಗೆ ಹೋದೀತು ಎಂಬ ಅಂಜಿಕೆಯನ್ನು ಹಗುರವಾಗಿ ಕಾಣಬಾರದು. ಕಂಬದ ಕ್ಯಾಮೆರಾ ಮನೆಯೊಳಗೆ ಬರುವುದಿಲ್ಲ.

ಠಾಣೆಗಳ ಸಿಸಿಟಿವಿ ದೃಶ್ಯಗಳನ್ನು 18 ತಿಂಗಳು, ಅದು ಆಗದಿದ್ದರೆ ಕನಿಷ್ಠ ಒಂದು ವರ್ಷ ಇಡಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ವಾಹನ ತಪಾಸಣೆ, ತೆರವು, ಮೆರವಣಿಗೆಯ ಬಂದೋಬಸ್ತ್ ನಿಮ್ಮಲ್ಲಿ ಹೆಚ್ಚಾಗಿದ್ದರೆ ಎದೆಯ ಕ್ಯಾಮೆರಾವನ್ನೇ ಕೇಳಿ. ಜೊತೆಗೆ, ಠಾಣೆಯ ಸಿಸಿಟಿವಿಗೆ ಅವಧಿ ಹೇಳಿರುವಂತೆಯೇ, ಇದರ ದೃಶ್ಯ ಎಷ್ಟು ದಿನ ಉಳಿಯುತ್ತದೆ, ದೂರುದಾರರಿಗೆ ಹೇಗೆ ಸಿಗುತ್ತದೆ ಎಂಬುದನ್ನು ಲಿಖಿತವಾಗಿ ಪಡೆಯಿರಿ.